ಸಿಂಹಾವಲೋಕನ: ಗಣಕದೊಳಗೆ ಹುಟ್ಟಿದ ಗೆಲಾಕ್ಸಿಗಳ ಹತ್ತು ವರ್ಷ

2015ರ ಮೇ ತಿಂಗಳಲ್ಲಿ ಬೆಂಗಳೂರಿನ ಮೆಟ್ರೊ ಪೀಣ್ಯ ದಾಟಿ ನಾಗಸಂದ್ರಕ್ಕೆ ಬಂತು. ಬಾಗಲಗುಂಟೆಯ ಜನಕ್ಕೆ ಆ ವರ್ಷ ನೆನಪಿರುವುದು ಅದರಿಂದಲೇ. ಎಂಟನೇ ಮೈಲಿಯಲ್ಲಿ ಬಸ್ಸಿಗೆ ನಿಂತು ನಿಂತು ಸಾಕಾಗಿದ್ದವರಿಗೆ ಅದಕ್ಕಿಂತ ದೊಡ್ಡ ಸುದ್ದಿ ಇರಲಿಲ್ಲ. ಅದೇ ವರ್ಷ ಇದೇ ಹೆಸರಘಟ್ಟ ರಸ್ತೆ ಹಿಡಿದು ಹೋದರೆ ಸಿಗುವ ಶಿವಕೋಟೆಯಲ್ಲಿ ಐಸಿಟಿಎಸ್, ಅಂದರೆ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ ಸೇರಿದ ಸೈದ್ಧಾಂತಿಕ ವಿಜ್ಞಾನ ಕೇಂದ್ರ, ತನ್ನ ಸ್ವಂತ ಆವರಣಕ್ಕೆ ಬಂದು ನೆಲೆಸಿತು. ಹಳಬರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ‘ಸಹಸ್ರಟಿ’ ಎಂಬ ಕ್ರೇ ಸೂಪರ್‌ಕಂಪ್ಯೂಟರ್ ಕೆಲಸ ಶುರು ಮಾಡಿತು. ಪೆಟಾಫ್ಲಾಪ್ ದರ್ಜೆಯ ಯಂತ್ರ ದೇಶದಲ್ಲಿ ಅದೇ ಮೊದಲು. ಸೆಪ್ಟೆಂಬರ್ 14ರಂದು ಎರಡು ಕಪ್ಪುಕುಳಿಗಳ ಡಿಕ್ಕಿಯಿಂದ ಎದ್ದ ಗುರುತ್ವದ ಅಲೆ ಅಮೆರಿಕದ ಲೈಗೋ ಉಪಕರಣಗಳನ್ನು ಮುಟ್ಟಿತು. ಅದೇ ತಿಂಗಳ 28ರಂದು ಭಾರತದ ಖಗೋಳ ಉಪಗ್ರಹ ಆಸ್ಟ್ರೋಸ್ಯಾಟ್ ಮೇಲಕ್ಕೇರಿತು. ಅದರ ನೇರಳಾತೀತ ದೂರದರ್ಶಕ ತಯಾರಾದದ್ದು ಹೊಸಕೋಟೆಯಲ್ಲಿ.

ಹತ್ತು ವರ್ಷ ಕಳೆದಿದೆ. ಗೆಲಾಕ್ಸಿಗಳೂ ನಕ್ಷತ್ರಗಳೂ ಹೇಗೆ ಹುಟ್ಟುತ್ತವೆ ಎಂಬುದನ್ನು ಕಂಪ್ಯೂಟರಿನಲ್ಲಿ ಕಟ್ಟಿ ನೋಡುವ ಕೆಲಸದ, ಅಂದರೆ ಸಿಮ್ಯುಲೇಶನ್ನಿನ, ಜಮಾ-ಖರ್ಚು ತೆಗೆಯಲು ಇದು ತಕ್ಕ ಹೊತ್ತು. ಲೆಕ್ಕದ ಪುಸ್ತಕ ಬಿಡಿಸುವ ಮುನ್ನ ಯಾವ ಅಂಕಣದಲ್ಲಿ ಏನು ಬರೆಯುತ್ತೇವೆ ಎಂದು ಹೇಳಿಬಿಡಬೇಕು. ಸೂಪರ್‌ಕಂಪ್ಯೂಟರಿನ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಉದ್ಘಾಟನೆಯ ದಿನ ಹುಟ್ಟಿ ಮರುದಿನ ಸಾಯುತ್ತದೆ. ವೇಗ ಎಷ್ಟು, ಕೋಟಿ ಎಷ್ಟು, ಟೇಪು ಕತ್ತರಿಸಿದವರು ಯಾರು ಎಂಬಲ್ಲಿಗೆ ಮುಗಿಯಿತು. ಆಮೇಲೆ ಆ ಯಂತ್ರ ಏನು ಮಾಡಿತು ಎಂದು ಕೇಳುವವರಿಲ್ಲ. ನಾವು ಇಲ್ಲಿ ಹಿಡಿಯುವ ಅಳತೆ ಬೇರೆ: ಅಲ್ಲಿಯವರೆಗೆ ಎಲ್ಲರೂ ಒಪ್ಪಿಕೊಂಡಿದ್ದ ಯಾವ ಊಹೆ ಈ ಲೆಕ್ಕಗಳಿಂದ ಬಿದ್ದುಹೋಯಿತು?

ಈ ಅಳತೆ ಯಾಕೆ ಬೇಕು ಎಂಬುದು ಪೀಣ್ಯದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿನ ಯಾವ ಸಿಎನ್‌ಸಿ ಶೆಡ್ಡಿಗೆ ಹೋದರೂ ಪ್ರೋಗ್ರಾಮು ಲೋಡ್ ಮಾಡಿದ ಮೇಲೆ ಸೆಟ್ಟರ್ ಮೊದಲು ಪರದೆಯ ಮೇಲೆ ಟೂಲಿನ ದಾರಿ ಓಡಿಸಿ ನೋಡುತ್ತಾನೆ. ಆಮೇಲೆ ಡ್ರೈ ರನ್. ಆಮೇಲೆ ಮೊದಲ ಪೀಸು. ಅದನ್ನು ಮೈಕ್ರೊಮೀಟರಿಗೆ ಕೊಟ್ಟು, ನಾಲ್ಕು ಮೈಕ್ರಾನ್ ಹೆಚ್ಚು ಬಂದರೆ ಆಫ್‌ಸೆಟ್ ತಿದ್ದುತ್ತಾನೆ. ಪರದೆಯ ಮೇಲಿನ ಚಿತ್ರವನ್ನು ನಂಬಬೇಕೋ ಬೇಡವೋ ಎಂಬುದನ್ನು ಆ ಮೊದಲ ಪೀಸೇ ಹೇಳಿಬಿಡುತ್ತದೆ. ಗೆಲಾಕ್ಸಿ ಕಟ್ಟುವವರಿಗೆ ಮೊದಲ ಪೀಸು ಇಲ್ಲ. 1,380 ಕೋಟಿ ವರ್ಷದ ಕೆಲಸ ಒಂದೇ ಒಂದು ಸಲ ನಡೆದುಹೋಗಿದೆ. ನಮ್ಮ ದೂರದರ್ಶಕಗಳಿಗೆ ಸಿಗುವುದು ಅದರ ಬೇರೆ ಬೇರೆ ಹೊತ್ತಿನ, ಬೇರೆ ಬೇರೆ ಗೆಲಾಕ್ಸಿಗಳ ಸ್ಥಿರಚಿತ್ರಗಳು. ಹಾಗಾಗಿ ಪರದೆಯ ಮೇಲೆ ಬಂದ ಸುರುಳಿ ಗೆಲಾಕ್ಸಿ ಎಷ್ಟು ಚೆಂದವಿದೆ ಎಂಬುದರಿಂದ ಏನೂ ತೀರ್ಮಾನವಾಗುವುದಿಲ್ಲ. ಚೆಂದದ ಚಿತ್ರವನ್ನು ತಪ್ಪು ಕಾರಣಕ್ಕೂ ಬರಿಸಬಹುದು. ಇಂಥ ಊಹೆ ಇಟ್ಟುಕೊಂಡರೆ ಇಂಥ ಆಕಾಶ ಬರುವುದೇ ಇಲ್ಲ ಎಂದು ತೋರಿಸುವುದು ಮಾತ್ರ ಗಟ್ಟಿ ಕೆಲಸ.

ಈ ಕಸುಬು ಕಂಪ್ಯೂಟರಿಗಿಂತ ಹಳೆಯದು. 1941ರಲ್ಲಿ ಸ್ವೀಡನ್ನಿನ ಎರಿಕ್ ಹೋಲ್ಮ್‌ಬರ್ಗ್ ಕತ್ತಲು ಕೋಣೆಯಲ್ಲಿ 74 ವಿದ್ಯುತ್ ಬಲ್ಬುಗಳನ್ನು ಹರವಿದ. ಒಂದು ಗೆಲಾಕ್ಸಿಗೆ 37, ಇನ್ನೊಂದಕ್ಕೆ 37. ಬೆಳಕು ದೂರದ ವರ್ಗಕ್ಕೆ ತಕ್ಕಂತೆ ಕುಂದುತ್ತದೆ, ಗುರುತ್ವವೂ ಹಾಗೆಯೇ. ಹೀಗಾಗಿ ಒಂದು ಬಲ್ಬಿನ ಜಾಗದಲ್ಲಿ ದ್ಯುತಿಕೋಶ ಇಟ್ಟು ನಾಲ್ಕೂ ಕಡೆಯಿಂದ ಬೀಳುವ ಬೆಳಕನ್ನು ಅಳೆದರೆ ಅಲ್ಲಿ ಯಾವ ಕಡೆಗೆ ಎಷ್ಟು ಸೆಳೆತವಿದೆ ಎಂಬುದು ಸಿಕ್ಕಿಬಿಡುತ್ತದೆ. ಪ್ರತಿ ಬಲ್ಬಿಗೂ ಹೀಗೆ ಅಳೆದು, ಕಾಗದದ ಮೇಲೆ ಲೆಕ್ಕ ಹಾಕಿ, ಬಲ್ಬುಗಳನ್ನು ಕೈಯಿಂದ ಒಂದಿಷ್ಟು ಸರಿಸಿ, ಮತ್ತೆ ಅಳೆಯುವುದು. ಗೆಲಾಕ್ಸಿಗಳು ಹತ್ತಿರದಿಂದ ಹಾದುಹೋದಾಗ ಒಂದರಲ್ಲೊಂದು ಅಲೆ ಎಬ್ಬಿಸುತ್ತವೆ, ವೇಗ ಕಳೆದುಕೊಂಡು ಒಂದನ್ನೊಂದು ಹಿಡಿದುಕೊಳ್ಳಬಲ್ಲವು ಎಂದು ಆತ ಕಂಡುಕೊಂಡ. ಈ ಕ್ಷೇತ್ರದ ಇತಿಹಾಸದಲ್ಲಿ ನಮಗೆ ಎಲ್ಲಕ್ಕಿಂತ ಮೆಚ್ಚುಗೆಯಾದ ಪ್ರಯೋಗ ಇದು. ಅವನ ಯಂತ್ರಕ್ಕೆ ವೇಗವೇ ಇರಲಿಲ್ಲ, ಪ್ರಶ್ನೆ ಮಾತ್ರ ಚೂಪಾಗಿತ್ತು.

1972ರಲ್ಲಿ ವಿಜ್ಞಾನಿಗಳಾದ ಟೂಮ್ರೆ ಸಹೋದರರು ಅದೇ ಪ್ರಶ್ನೆಯನ್ನು ಕಂಪ್ಯೂಟರಿಗೆ ಕೊಟ್ಟರು. ಕೆಲವು ಗೆಲಾಕ್ಸಿಗಳಿಗೆ ಇರುವ ಉದ್ದನೆಯ ಬಾಲ ಗುರುತ್ವದಿಂದ ಬರುವಂಥದ್ದಲ್ಲ, ಕಾಂತಕ್ಷೇತ್ರದಂಥ ಇನ್ನೇನೋ ಇರಬೇಕು ಎಂದು ನಂಬಿದ್ದವರು ಆಗ ಕಡಿಮೆಯಿರಲಿಲ್ಲ. ಬರೀ ಗುರುತ್ವದಿಂದ ಆ ಬಾಲಗಳು ತಾವಾಗಿ ಬಂದವು; ಊಹೆ ಬಿತ್ತು. ಇನ್ನೂ ದೊಡ್ಡದು ಬಿದ್ದದ್ದು 1983ರಲ್ಲಿ. ಅದಕ್ಕೆ ಮೂರು ವರ್ಷ ಮೊದಲು ಮಾಸ್ಕೋದ ಪ್ರಯೋಗಾಲಯವೊಂದು ನ್ಯೂಟ್ರಿನೊ ಎಂಬ ಕಣಕ್ಕೆ ತಕ್ಕಮಟ್ಟಿನ ತೂಕವಿದೆ ಎಂದಿತ್ತು. ಹಾಗಾದರೆ ಬ್ರಹ್ಮಾಂಡದ ಕಾಣದ ದ್ರವ್ಯ, ಅಂದರೆ ಕಪ್ಪುದ್ರವ್ಯವೆಲ್ಲ, ನ್ಯೂಟ್ರಿನೊವೇ ಎಂದು ಜಗತ್ತು ಹಿಗ್ಗಿತ್ತು. ವೈಟ್, ಫ್ರೆಂಕ್, ಡೇವಿಸ್ ಎಂಬ ಮೂವರು ವಿಜ್ಞಾನಿಗಳು ಅದನ್ನು ಓಡಿಸಿ ನೋಡಿದರು. ಬಂದ ಬ್ರಹ್ಮಾಂಡ ನಮ್ಮದಾಗಿರಲಿಲ್ಲ. ಗೆಲಾಕ್ಸಿಗಳು ತೀರ ತಡವಾಗಿ, ತೀರ ಗುಂಪುಗುಂಪಾಗಿ ಹುಟ್ಟುತ್ತಿದ್ದವು. 1985ರಲ್ಲಿ ಇವರೇ ಎಫ್‌ಸ್ಟಾಥಿಯೊ ಎಂಬ ಇನ್ನೊಬ್ಬರ ಜೊತೆ ಸೇರಿ 32,768 ಕಣಗಳನ್ನಿಟ್ಟುಕೊಂಡು ನಿಧಾನಗತಿಯ ‘ತಣ್ಣನೆಯ’ ಕಪ್ಪುದ್ರವ್ಯದ ಲೆಕ್ಕ ಮಾಡಿದರು. ಇಂದಿನ ಮೊಬೈಲು ನಗುವಷ್ಟು ಚಿಕ್ಕ ಸಂಖ್ಯೆ. ಆದರೆ ನಾವು ಇಂದಿಗೂ ಬದುಕುತ್ತಿರುವುದು ಅವರು ಕಟ್ಟಿಕೊಟ್ಟ ಚೌಕಟ್ಟಿನಲ್ಲೇ.

ಕಣ ಹೆಚ್ಚಿದಷ್ಟೂ ಲೆಕ್ಕ ಬೆಳೆಯುತ್ತದೆ, ಅದೂ ಕೆಟ್ಟ ರೀತಿಯಲ್ಲಿ. ಹತ್ತು ಲಕ್ಷ ಕಣಗಳಿದ್ದರೆ ಜೋಡಿಗಳು 50 ಸಾವಿರ ಕೋಟಿ. ಪ್ರತಿ ಹೆಜ್ಜೆಗೂ ಅಷ್ಟು ಸೆಳೆತಗಳನ್ನು ಹೊಸದಾಗಿ ಲೆಕ್ಕ ಹಾಕಬೇಕು. 1986ರಲ್ಲಿ ಬಾರ್ನ್ಸ್ ಮತ್ತು ಹಟ್ ಎಂಬ ಇಬ್ಬರು ಇದಕ್ಕೊಂದು ದಾರಿ ತೋರಿಸಿದರು: ದೂರದ ಕಣಗಳನ್ನು ಒಂದೊಂದಾಗಿ ನೋಡಬೇಕಾಗಿಲ್ಲ, ಕೊಂಬೆ ಕೊಂಬೆಯಾಗಿ ಗುಂಪು ಕಟ್ಟಿ ಇಡೀ ಗುಂಪನ್ನು ಒಂದೇ ತೂಕವೆಂದು ಎಣಿಸಬಹುದು. ಇನ್ನೊಂದು ದಾರಿ, ಜಾಗವನ್ನೆಲ್ಲ ಚೌಕಗಳಾಗಿ ಹೆಣೆದು ದೂರದ ಸೆಳೆತವನ್ನು ಒಟ್ಟಿಗೆ ಬಿಡಿಸುವುದು. ಹತ್ತಿರಕ್ಕೆ ಮರ, ದೂರಕ್ಕೆ ಹೆಣಿಗೆ ಎಂದು ಎರಡನ್ನೂ ಬೆಸೆಯುವ ಟ್ರೀ-ಪಿಎಂ ವಿಧಾನವನ್ನು ಭಾರತದ ಜಸ್ಜೀತ್ ಬಾಗ್ಲಾ 2002ರಲ್ಲಿ ಪ್ರಕಟಿಸಿದರು. ಪ್ರಕಟವಾದದ್ದು ‘ಜರ್ನಲ್ ಆಫ್ ಆಸ್ಟ್ರೊಫಿಸಿಕ್ಸ್ ಅಂಡ್ ಆಸ್ಟ್ರಾನಮಿ’ಯಲ್ಲಿ, ಅಂದರೆ ನಮ್ಮ ಸದಾಶಿವನಗರದಲ್ಲಿರುವ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ. ಇದೇ ದಿಕ್ಕಿನಲ್ಲಿ ಬೇರೆಯವರೂ ಯೋಚಿಸುತ್ತಿದ್ದರು, ನಿಜ. ಆದರೂ ಜರ್ಮನಿಯ ಫೋಕರ್ ಸ್ಪ್ರಿಂಗೆಲ್ 2005ರಲ್ಲಿ ಗ್ಯಾಜೆಟ್-2 ಕೋಡನ್ನು ಲೋಕಕ್ಕೆ ಬಿಟ್ಟಾಗ ಬಾಗ್ಲಾ ಪ್ರಬಂಧವನ್ನು ಹೆಸರಿಸಿದ್ದರು. ಅದೇ ಕೋಡಿನ ಒಂದು ರೂಪದಲ್ಲಿ ಓಡಿದ್ದು ಮಿಲೆನಿಯಂ ಸಿಮ್ಯುಲೇಶನ್: ಸಾವಿರ ಕೋಟಿ ಕಣ, 512 ಪ್ರೊಸೆಸರ್, ಸುಮಾರು ಒಂದು ತಿಂಗಳು. ಅಲ್ಲಿ ಒಂದು ಕಣ ಎಂದರೆ ನೂರು ಕೋಟಿಗೂ ಮಿಕ್ಕಿದ ಸೂರ್ಯರ ತೂಕ ಎಂಬುದನ್ನು ಓದುಗರು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇನ್ನು ನಮ್ಮ ಊರಿನ ಯಂತ್ರಗಳು. ಅಮೆರಿಕದಿಂದ ದೊಡ್ಡ ಕಂಪ್ಯೂಟರ್ ತರಿಸುವುದೆಂದರೆ ರಾಯಭಾರದ ಕಸರತ್ತಾಗಿದ್ದ ಕಾಲದಲ್ಲಿ, 1986ರಲ್ಲಿ, ರೊದ್ದಂ ನರಸಿಂಹ ಅವರು ಮುಖ್ಯಸ್ಥರಾಗಿದ್ದ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದಲ್ಲಿ ಯು. ಎನ್. ಸಿನ್ಹಾ ಮತ್ತು ಸಂಗಡಿಗರು ‘ಫ್ಲೋಸಾಲ್ವರ್’ ಎಂಬ ಸಮಾಂತರ ಗಣಕವನ್ನು ತಾವೇ ಜೋಡಿಸಿದರು. ದೇಶದ ಮೊದಲ ಸಮಾಂತರ ಗಣಕ ಅದು. ಹರಿಯುವ ಗಾಳಿಯ ಸಮೀಕರಣ ಬಿಡಿಸಲೆಂದೇ ಹುಟ್ಟಿದ್ದು. ಅಲ್ಲಿಂದ ಸಹಸ್ರಟಿಗೆ, 2022ರ ಫೆಬ್ರುವರಿಯಲ್ಲಿ ಬಂದ 3.3 ಪೆಟಾಫ್ಲಾಪಿನ ‘ಪರಮ್ ಪ್ರವೇಗ’ಕ್ಕೆ ದೂರ ಬಹಳ. ಆದರೆ ಅದೇ 2022ರಲ್ಲಿ ಅಮೆರಿಕದ ಫ್ರಾಂಟಿಯರ್ ಯಂತ್ರ ಸಾವಿರ ಪೆಟಾಫ್ಲಾಪಿನ ಗೆರೆ ದಾಟಿತು, 2024ರಲ್ಲಿ ಅದರ ಮೇಲೆ ಅಂದಿನವರೆಗಿನ ಅತಿ ದೊಡ್ಡ ಬ್ರಹ್ಮಾಂಡದ ಲೆಕ್ಕ ನಡೆಯಿತು. ಈ ಓಟದಲ್ಲಿ ನಾವಿಲ್ಲ. ಇರಬೇಕೆಂದು ಹಂಬಲಿಸುವುದರಲ್ಲಿ ಅರ್ಥವೂ ಕಾಣುವುದಿಲ್ಲ, ಏಕೆಂದರೆ ಬೆಂಗಳೂರಿನ ಒಳ್ಳೆಯ ಕೆಲಸವೆಲ್ಲ ಆದದ್ದು ಬೇರೆ ಹಾದಿಯಲ್ಲಿ.

ಆ ಹಾದಿಯ ಮೊದಲ ಹೆಜ್ಜೆ ನಮ್ಮವರೇ ಆದ ಸಿ. ವಿ. ವಿಶ್ವೇಶ್ವರ ಅವರದು. ಅವರು ಕನ್ನಡದ ಬರಹಗಾರ ಸಿ. ಕೆ. ವೆಂಕಟರಾಮಯ್ಯನವರ ಮಗ, ಮುಂದೆ ನಮ್ಮ ನೆಹರೂ ತಾರಾಲಯವನ್ನು ಕಟ್ಟಿ ನಿಲ್ಲಿಸಿದವರು. 1970ರಲ್ಲಿ ಅವರು ಕಂಪ್ಯೂಟರಿನಲ್ಲಿ ಒಂದು ಕಪ್ಪುಕುಳಿಯ ಮೇಲೆ ಅಲೆಗಳ ಸಣ್ಣ ಸಣ್ಣ ಕಟ್ಟುಗಳನ್ನು ಎಸೆದು ನೋಡಿದರು. ಅಲೆಯ ಕಟ್ಟು ತಕ್ಕಷ್ಟು ಕಿರಿದಾದಾಗ ಎಸೆದದ್ದು ಏನೇ ಇರಲಿ, ತಿರುಗಿ ಬಂದದ್ದು ಕಪ್ಪುಕುಳಿಯ ಸ್ವಂತ ದನಿ: ಒಂದು ಲಯದಲ್ಲಿ ಮಿಡಿದು ಬೇಗನೆ ಅಡಗುವ ಕಂಪನ. 2015ರ ಸೆಪ್ಟೆಂಬರಿನ ಆ ಅಲೆಯ ಕೊನೆಯ ತುಣುಕಿನಲ್ಲಿ ಇದ್ದದ್ದು ಅದೇ ಬಗೆಯ ಕಂಪನ. ವಿಶ್ವೇಶ್ವರ ಅದನ್ನು ಕೇಳಲು ಇದ್ದರು. 2017ರ ಜನವರಿಯಲ್ಲಿ ತೀರಿಕೊಂಡರು. ಇದು ಗೆಲಾಕ್ಸಿಯ ಲೆಕ್ಕವಲ್ಲ ಎಂದು ಯಾರಾದರೂ ತಕರಾರು ತೆಗೆದಾರು. ಒಪ್ಪುತ್ತೇವೆ. ಆದರೆ ಪುಟ್ಟ ಲೆಕ್ಕದಿಂದ ದೊಡ್ಡ ಉತ್ತರ ತೆಗೆಯುವ ಬೆಂಗಳೂರಿನ ಜಾಯಮಾನಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗದು.

ಭಾರತೀಯ ವಿಜ್ಞಾನ ಸಂಸ್ಥೆಯ ಚಂದಾ ಜೋಗ್ ಅದೇ ಜಾಯಮಾನದವರು. ಗೆಲಾಕ್ಸಿಯ ತಟ್ಟೆಯಲ್ಲಿ ನಕ್ಷತ್ರಗಳೂ ಇವೆ, ಅನಿಲವೂ ಇದೆ. ಎರಡನ್ನೂ ಬಿಡಿಬಿಡಿಯಾಗಿ ನೋಡಿದರೆ ತಟ್ಟೆ ಸ್ಥಿರವಾಗಿದೆ ಎನಿಸುತ್ತದೆ. ಒಟ್ಟಿಗೆ ಇಟ್ಟರೆ, ಅನಿಲ ಸ್ವಲ್ಪವೇ ಇದ್ದರೂ, ಮುದ್ದೆಗಟ್ಟಲು ತೊಡಗಬಹುದು ಎಂದು ಅವರು ಮತ್ತು ಫಿಲಿಪ್ ಸಾಲೊಮನ್ 1984ರಲ್ಲೇ ತೋರಿಸಿದ್ದರು. ಮುಂದೆ ಫ್ರಾನ್ಸಿನ ಫ್ರಾಂಸ್ವಾಸ್ ಕೋಂಬ್ ಅವರ ಬಳಗದ ಜೊತೆ ಸೇರಿ ಒಂದು ಪಕ್ಕಕ್ಕೆ ವಾಲಿದ ಗೆಲಾಕ್ಸಿಗಳ ಬೆನ್ನು ಹತ್ತಿದರು. ಪಠ್ಯಪುಸ್ತಕದ ಗೆಲಾಕ್ಸಿ ಸಮವಾಗಿರುತ್ತದೆ, ಆಕಾಶದ ಗೆಲಾಕ್ಸಿಗಳಲ್ಲಿ ಬಹಳಷ್ಟು ಸೊಟ್ಟ. ನೆರೆಯ ಗೆಲಾಕ್ಸಿ ಎಳೆದುಕೊಂಡು ಹೋದದ್ದರಿಂದಲೇ ಹೀಗಾಯಿತು ಎನ್ನುವುದು ಸಾಲದು, ಹೊರಗಿನಿಂದ ಒಂದೇ ಕಡೆಯಲ್ಲಿ ಸುರಿಯುವ ಅನಿಲವೂ ಬೇಕು ಎಂದು 2005ರ ಅವರ ಸಿಮ್ಯುಲೇಶನ್ನುಗಳು ಹೇಳಿದವು. ಕೋರಮಂಗಲದ ಭಾರತೀಯ ತಾರಾಭೌತ ಸಂಸ್ಥೆಯಲ್ಲಿ ಸಂದೀಪ್ ಕಟಾರಿಯಾ ಮತ್ತು ಮೌಸುಮಿ ದಾಸ್ 2018ರಲ್ಲಿ ಮಾಡಿದ್ದೂ ಇಂಥದ್ದೇ. ನಮ್ಮ ಆಕಾಶಗಂಗೆಯೂ ಸೇರಿ ಎಷ್ಟೋ ಗೆಲಾಕ್ಸಿಗಳ ನಡುವೆ ನಕ್ಷತ್ರಗಳ ಒಂದು ಉದ್ದ ಪಟ್ಟಿಯಿದೆ, ಕೆಲವಕ್ಕೆ ಇಲ್ಲ. ಅವರು ಗ್ಯಾಜೆಟ್-2ರಲ್ಲೇ ನಡುವಿನ ಉಬ್ಬಿನ ತೂಕವನ್ನು ಹಂತಹಂತವಾಗಿ ಏರಿಸುತ್ತ ಹೋದರು. ಒಂದು ಮಿತಿ ದಾಟಿದ ಮೇಲೆ ಪಟ್ಟಿ ಮೂಡಲೇ ಇಲ್ಲ. ಇಂಥ ಲೆಕ್ಕಕ್ಕೆ ಲೋಕದ ಅತಿ ವೇಗದ ಯಂತ್ರ ಬೇಡ, ಒಂದನ್ನು ಮಾತ್ರ ಬದಲಿಸಿ ಉಳಿದದ್ದನ್ನು ಮುಟ್ಟದೆ ಇರುವ ತಾಳ್ಮೆ ಬೇಕು.

ಈ ಹತ್ತು ವರ್ಷದ ಜಮೆಯಲ್ಲಿ ನಾವು ಎಲ್ಲಕ್ಕಿಂತ ಮೇಲೆ ಬರೆಯುವುದು ಮಾತ್ರ ಬೇರೊಂದನ್ನು. ನೂರಾರು ಗೆಲಾಕ್ಸಿಗಳ ಸಮೂಹವೊಂದರ ನಡುವೆ ತುಂಬಿರುವ ಅನಿಲ ಕೋಟಿಗಟ್ಟಲೆ ಡಿಗ್ರಿ ಬಿಸಿಯಿದ್ದು ಎಕ್ಸ್-ಕಿರಣ ಸೂಸುತ್ತಿರುತ್ತದೆ. ಸೂಸಿದ್ದೆಲ್ಲ ನಷ್ಟ, ಹಾಗಾಗಿ ನಟ್ಟನಡುವಿನ ಅನಿಲ ನೂರು ಕೋಟಿ ವರ್ಷದೊಳಗೆ ತಣ್ಣಗಾಗಿ, ವರ್ಷಕ್ಕೆ ನೂರಾರು ಸೂರ್ಯರ ತೂಕದ ದ್ರವ್ಯ ಒಳಗೆ ಇಳಿದು ನಕ್ಷತ್ರಗಳಾಗಬೇಕು. ನಮ್ಮ ತಾರಾಭೌತ ವಿಜ್ಞಾನಿ ಚಂದ್ರಶೇಖರರ ಹೆಸರು ಹೊತ್ತ ‘ಚಂದ್ರ’ ಎಕ್ಸ್-ಕಿರಣ ದೂರದರ್ಶಕ 1999ರಲ್ಲಿ ಮೇಲೇರಿ ನೋಡಿದಾಗ ಅಷ್ಟು ತಣ್ಣನೆಯ ಅನಿಲ ಅಲ್ಲಿರಲಿಲ್ಲ. ಯಾರೋ ಒಲೆ ಉರಿಸುತ್ತಿದ್ದಾರೆ. ಸಮೂಹದ ನಡುವಿನ ಗೆಲಾಕ್ಸಿಯ ಕಪ್ಪುಕುಳಿಯೇ ಅದು, ಅದು ಚಿಮ್ಮಿಸುವ ಧಾರೆಗಳಿಂದಲೇ ಬಿಸಿ ಎಂಬುದನ್ನು ಹೆಚ್ಚಿನವರು ಒಪ್ಪಿದರು. ಆದರೆ ಸೌರಮಂಡಲದಷ್ಟು ಅಗಲದ ಒಂದು ವಸ್ತುವಿಗೆ ಲಕ್ಷಾಂತರ ಜ್ಯೋತಿರ್ವರ್ಷ ಹರಡಿದ ಅನಿಲಕ್ಕೆ ಈಗ ಶಾಖ ಬೇಕು, ಈಗ ಸಾಕು ಎಂದು ಗೊತ್ತಾಗುವುದು ಹೇಗೆ?

ಭಾರತೀಯ ವಿಜ್ಞಾನ ಸಂಸ್ಥೆಯ ಪ್ರತೀಕ್ ಶರ್ಮ ಮತ್ತು ಅಮೆರಿಕದ ಸಹಲೇಖಕರು 2012ರಲ್ಲಿ ಕೊಟ್ಟ ಉತ್ತರ ಎರಡು ಗಡಿಯಾರಗಳನ್ನು ಪಕ್ಕಪಕ್ಕ ಇಟ್ಟು ನೋಡುವುದು. ಅನಿಲದ ಒಂದು ತುಣುಕು ತಣ್ಣಗಾಗಲು ಹಿಡಿಯುವ ಕಾಲ ಒಂದು. ಅದು ಬಿಟ್ಟ ಕಲ್ಲಿನಂತೆ ನಡುವಿಗೆ ಬೀಳಲು ಹಿಡಿಯುವ ಕಾಲ ಇನ್ನೊಂದು. ತಣ್ಣಗಾಗುವುದು ಬಹಳ ನಿಧಾನವಾದರೆ ತುಣುಕು ಬೀಳುವ ದಾರಿಯಲ್ಲೇ ಸುತ್ತಲಿನ ಬಿಸಿಯಲ್ಲಿ ಬೆರೆತುಹೋಗುತ್ತದೆ. ಮೊದಲನೆಯದು ಎರಡನೆಯದರ ಸುಮಾರು ಹತ್ತು ಪಟ್ಟಿಗಿಂತ ಕೆಳಗೆ ಬಂತೋ, ತುಣುಕುಗಳು ಹೆಪ್ಪುಗಟ್ಟಿ ಇಳಿಯತೊಡಗುತ್ತವೆ. ವಿಜ್ಞಾನಿಗಳೇ ಇದನ್ನು ಮಳೆ ಎನ್ನುತ್ತಾರೆ. ಇಳಿದದ್ದು ಕಪ್ಪುಕುಳಿಗೆ ಆಹಾರ. ಧಾರೆ ಚಿಮ್ಮುತ್ತದೆ, ಅನಿಲ ಕಾಯುತ್ತದೆ, ಅನುಪಾತ ಮೇಲೇರುತ್ತದೆ, ಮಳೆ ನಿಲ್ಲುತ್ತದೆ, ಧಾರೆ ಸೊರಗುತ್ತದೆ, ಮತ್ತೆ ತಣ್ಣಗಾಗುತ್ತದೆ. ದೇವವ್ರತ್ ಪ್ರಸಾದ್, ಶರ್ಮ ಮತ್ತು ಆರಿಫ್ ಬಾಬುಲ್ 2015ರಲ್ಲಿ ಈ ಚಕ್ರವನ್ನು ಮೂರು ಆಯಾಮದ ಸಿಮ್ಯುಲೇಶನ್ನಿನಲ್ಲಿ ತಿರುಗಿಸಿ ತೋರಿಸಿದರು. ಕಪ್ಪುಕುಳಿ ಸುತ್ತಲಿನ ಬಿಸಿ ಅನಿಲವನ್ನು ಒಂದೇ ಹದದಲ್ಲಿ ಹೀರುತ್ತಿರುತ್ತದೆ ಎಂಬ ಹಳೆಯ ಸರಳ ಸೂತ್ರ ಇದರಿಂದ ಅಲ್ಲಾಡಿತು. ಹತ್ತು ಎಂಬ ಗೆರೆ ಕಲ್ಲಿನ ಮೇಲೆ ಬರೆದದ್ದಲ್ಲ ಎಂದು ನಂತರದ ವೀಕ್ಷಣೆಗಳು ಹೇಳಿವೆ. ಹತ್ತರಿಂದ ಮೂವತ್ತರವರೆಗೆ ಎಳೆದಾಟವಿದೆ. ಇರಲಿ. ಪ್ರಶ್ನೆಯ ರೂಪವೇ ಬದಲಾದದ್ದು ದೊಡ್ಡದು.

ಕಪ್ಪುಕುಳಿಯ ಮಾತು ನಮ್ಮ ಮನೆಯಲ್ಲೂ ಇದೆ. ಆಕಾಶಗಂಗೆಯ ನಡುವಿನಿಂದ ಮೇಲಕ್ಕೂ ಕೆಳಕ್ಕೂ ಸುಮಾರು 25,000 ಜ್ಯೋತಿರ್ವರ್ಷ ಉಬ್ಬಿರುವ ‘ಫರ್ಮಿ ಗುಳ್ಳೆ’ಗಳು 2010ರಲ್ಲಿ ಕಂಡವು. ಕಪ್ಪುಕುಳಿ ಹಿಂದೊಮ್ಮೆ ಸಿಡಿದದ್ದರ ಗುರುತು ಎಂಬುದು ಎಲ್ಲರ ಬಾಯಲ್ಲಿದ್ದ ಮಾತು. ರಾಮನ್ ಸಂಶೋಧನಾ ಸಂಸ್ಥೆಯ ಬಿಮನ್ ನಾಥ್, ಕಾರ್ತಿಕ್ ಸರ್ಕಾರ್ ಮತ್ತು ಶರ್ಮ 2015ರಲ್ಲಿ, ನಡುಭಾಗದಲ್ಲಿ ಹುಟ್ಟಿ ಸಾಯುವ ನಕ್ಷತ್ರಗಳು ಕೋಟ್ಯಂತರ ವರ್ಷ ಬೀಸಿದ ಗಾಳಿಯೂ ಇಂಥ ಗುಳ್ಳೆ ಎಬ್ಬಿಸಬಲ್ಲದು ಎಂದು ಲೆಕ್ಕ ಕೊಟ್ಟರು. 2020ರಲ್ಲಿ ಇರೊಸಿಟಾ ದೂರದರ್ಶಕ ಎಕ್ಸ್-ಕಿರಣದಲ್ಲಿ ಇನ್ನೂ ದೊಡ್ಡ ಗುಳ್ಳೆಗಳನ್ನು ತೋರಿಸಿ ಜಗಳವನ್ನು ಮತ್ತೆ ಹೊತ್ತಿಸಿತು. ಇದು ಇತ್ಯರ್ಥವಾಗದ ಖಾತೆ. ಜಮೆಗೂ ಬೇಡ, ಖರ್ಚಿಗೂ ಬೇಡ.

ಖರ್ಚಿನ ಕಡೆಗೆ ಬರೋಣ. 2014ರ ಇಲ್ಯುಸ್ಟ್ರಿಸ್, 2015ರ ಈಗಲ್ ಸಿಮ್ಯುಲೇಶನ್ನುಗಳು ಬಂದಾಗ ಲೋಕ ಬೆರಗಾಯಿತು. ಮಿಲೆನಿಯಂನಲ್ಲಿ ಕಪ್ಪುದ್ರವ್ಯ ಮಾತ್ರ ಇತ್ತು. ಇಲ್ಲಿ ಅನಿಲ, ನಕ್ಷತ್ರ, ಕಪ್ಪುಕುಳಿ ಎಲ್ಲವೂ. ಸುರುಳಿ ಗೆಲಾಕ್ಸಿಗಳು, ದುಂಡನೆಯವು, ನೀಲಿ, ಕೆಂಪು, ನಿಜದ ಫೋಟೊ ಪಕ್ಕ ಇಟ್ಟರೆ ಯಾವುದು ಯಾವುದೋ ತಿಳಿಯದಂತೆ. ಆದರೆ ಮಿಲೆನಿಯಂನ ಕಣಕ್ಕಿಂತ ಎಷ್ಟೋ ಹಗುರವಾದರೂ ಇಲ್ಯುಸ್ಟ್ರಿಸ್‌ನ ಒಂದು ನಕ್ಷತ್ರಕಣ ಎಂದರೆ ಸುಮಾರು 13 ಲಕ್ಷ ಸೂರ್ಯರು. ಒಂದೊಂದು ನಕ್ಷತ್ರ ಹುಟ್ಟುವುದು ಆ ಲೆಕ್ಕಕ್ಕೆ ಕಾಣುವುದೇ ಇಲ್ಲ, ಅನಿಲ ಇಷ್ಟು ದಟ್ಟವಾದರೆ ಇಷ್ಟು ನಕ್ಷತ್ರ ಎಂದು ಸೂತ್ರ ಹಾಕಿ ಮುಂದೆ ಹೋಗಬೇಕು. ಸತ್ತ ನಕ್ಷತ್ರದ ಸ್ಫೋಟವೂ ಹಾಗೆಯೇ. ತೊಂಬತ್ತರ ದಶಕದ ಲೆಕ್ಕಗಳಲ್ಲಿ ಆ ಶಕ್ತಿಯನ್ನು ದಟ್ಟ ಅನಿಲಕ್ಕೆ ಸುರಿದ ಮರುಗಳಿಗೆಯೇ ಅದು ಬೆಳಕಾಗಿ ಸೋರಿಹೋಗುತ್ತಿತ್ತು, ಗೆಲಾಕ್ಸಿಗಳು ಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು ನಕ್ಷತ್ರ ಹೆತ್ತುಬಿಡುತ್ತಿದ್ದವು. ಈಗಲ್ ಬಳಗದವರು ಕೆಲವೇ ಕಣಗಳನ್ನು ಆರಿಸಿ ಒಂದೊಂದನ್ನೂ ಮೂರು ಕೋಟಿ ಡಿಗ್ರಿಯಷ್ಟು ಕಾಯಿಸುವ ಉಪಾಯ ಮಾಡಿದರು. ಇಂದಿನ ಗೆಲಾಕ್ಸಿಗಳ ತೂಕ, ಗಾತ್ರ ಸರಿಬರುವಂತೆ ತಿರುಪು ತಿರುಗಿಸಿದ್ದೇವೆ ಎಂದು ಪ್ರಬಂಧದಲ್ಲೇ ಬಾಯಿಬಿಟ್ಟು ಹೇಳಿದರು ಎಂಬುದಕ್ಕೆ ಅವರನ್ನು ಮೆಚ್ಚಬೇಕು. ಇಲ್ಯುಸ್ಟ್ರಿಸ್‌ನಲ್ಲಿ ಕಪ್ಪುಕುಳಿಯ ಶಾಖ ಎಷ್ಟು ಉಗ್ರವಾಯಿತೆಂದರೆ ಗೆಲಾಕ್ಸಿ ಗುಂಪುಗಳ ಅನಿಲವೇ ಹೊರಗೆ ಹಾರಿಹೋಯಿತು; ಮುಂದಿನ ಟಿಎನ್‌ಜಿ ಆವೃತ್ತಿಯಲ್ಲಿ ಅದನ್ನು ತೆಗೆದು ಬೇರೆ ವಿಧಾನ ಹಾಕಬೇಕಾಯಿತು. ತಿರುಪು ಕೂಡಿಸಿ ಸರಿಮಾಡಿದ ಸಂಖ್ಯೆಯನ್ನೇ ತೋರಿಸಿ ‘ಸಿಮ್ಯುಲೇಶನ್ ವಾಸ್ತವವನ್ನು ಗೆದ್ದಿತು’ ಎಂದು ಬರೆಯುವ ವಿಜ್ಞಾನ ವರದಿಗಳನ್ನು ಇನ್ನಾದರೂ ನಿಲ್ಲಿಸಬೇಕು. ತಿರುಪು ಮುಟ್ಟದ ಕಡೆ ಏನು ಬಂತು ಎಂಬುದೇ ಪರೀಕ್ಷೆ.

ನಕ್ಷತ್ರಗಳನ್ನೇ ಒಂದೊಂದಾಗಿ ಹುಟ್ಟಿಸುವವರ ಕತೆಯೂ ಹೆಚ್ಚು ಭಿನ್ನವಲ್ಲ. ಬ್ರಿಟನ್ನಿನ ಮ್ಯಾಥ್ಯೂ ಬೇಟ್ ಮತ್ತು ಸಂಗಡಿಗರು ಈ ಶತಮಾನದ ಮೊದಲ ವರ್ಷಗಳಲ್ಲಿ 50 ಸೂರ್ಯರ ತೂಕದ ಅನಿಲದ ಮೋಡವೊಂದು ಕುಸಿದು ನಕ್ಷತ್ರಗಳಾಗುವುದನ್ನು ಸುಮಾರು ಒಂದು ಲಕ್ಷ ಪ್ರೊಸೆಸರ್-ಗಂಟೆ ಹಿಡಿದು ಓಡಿಸಿದರು. ಹುಟ್ಟುವ ಬಿಸಿಯನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಪುಡಿ ನಕ್ಷತ್ರಗಳು ತೀರ ಹೆಚ್ಚಾದವು. 2009ರಲ್ಲಿ ಬೇಟ್ ಆ ಬಿಸಿಯನ್ನು ಸೇರಿಸಿದ ಮೇಲೆ ಸಂಖ್ಯೆ ಸುಮಾರು ಕಾಲುಭಾಗಕ್ಕೆ ಇಳಿಯಿತು. ಹುಟ್ಟಿದ ಮಗು ತಮ್ಮ-ತಂಗಿಯರ ಹುಟ್ಟನ್ನು ತಡೆಯುತ್ತದೆ ಎಂದಾಯಿತು.

ಮೊಟ್ಟಮೊದಲ ನಕ್ಷತ್ರಗಳ ಬಗ್ಗೆ ಕರ್ನಾಟಕ ಕೊಟ್ಟ ಸಾಕ್ಷ್ಯ ಗಣಕದಿಂದ ಬಂದದ್ದಲ್ಲ, ನೀರಿನಿಂದ. 2018ರಲ್ಲಿ ಆಸ್ಟ್ರೇಲಿಯಾದ ಮರುಭೂಮಿಯಲ್ಲಿಟ್ಟ ಎಡ್ಜಸ್ ಉಪಕರಣ, ಮೊದಲ ನಕ್ಷತ್ರಗಳು ಹೊತ್ತಿದಾಗ ಹೈಡ್ರೊಜನ್ ಅನಿಲ ರೇಡಿಯೊ ಅಲೆಯನ್ನು ಹೀರಿದ ಗುರುತು ಸಿಕ್ಕಿದೆ ಎಂದಿತು. ಗುರುತಿನ ಆಳ ಎಲ್ಲ ಲೆಕ್ಕಗಳು ಹೇಳಿದ್ದಕ್ಕಿಂತ ಎರಡು ಪಟ್ಟು. ಅದನ್ನು ವಿವರಿಸಲು ಹೊಸ ಭೌತವಿಜ್ಞಾನವೇ ಬೇಕೆಂದು ಸಿದ್ಧಾಂತಿಗಳು ಮುಗಿಬಿದ್ದರು. ರಾಮನ್ ಸಂಸ್ಥೆಯವರು ಮೊದಲು ಅಳತೆಯನ್ನೇ ಸಂಶಯಿಸಿದರು. ನೆಲದ ಮೇಲಿಟ್ಟ ಆಂಟೆನಾಕ್ಕೆ ಕೆಳಗಿನ ಮಣ್ಣಿನ ಪದರಗಳಿಂದ ಬರುವ ಪ್ರತಿಫಲನ ಕಾಟ. ನೀರಾದರೆ ಆಳದವರೆಗೂ ಒಂದೇ ಸಮ. ‘ಸರಸ್ 3’ ಉಪಕರಣವನ್ನು ತೆಪ್ಪದ ಮೇಲೆ ಕೂರಿಸಿ 2020ರ ಆರಂಭದಲ್ಲಿ ದಂಡಿಗಾನಹಳ್ಳಿ ಕೆರೆಯಲ್ಲೂ ಶರಾವತಿ ಹಿನ್ನೀರಿನಲ್ಲೂ ತೇಲಿಬಿಟ್ಟರು. ಅಳೆಯುವುದು 55ರಿಂದ 85 ಮೆಗಾಹರ್ಟ್ಸ್. ಎಫ್‌ಎಂ ಬಾನುಲಿ ಶುರುವಾಗುವುದಕ್ಕೆ ತುಸು ಕೆಳಗೆ. ಊರಿನ ಸದ್ದು ತಲುಪದ ಜಾಗವೇ ಬೇಕು. 2022ರ ಫೆಬ್ರುವರಿಯಲ್ಲಿ ಫಲ ಬಂತು: ಎಡ್ಜಸ್ ಹೇಳಿದ ಗುರುತು ಆಕಾಶದ್ದಲ್ಲ, ಶೇಕಡಾ 95.3ರಷ್ಟು ಖಾತರಿಯಿಂದ. ಅದೇ ವರ್ಷ ಕೇಂಬ್ರಿಜ್ ಬಳಗದ ಜೊತೆ ಸೇರಿ ಆ ಅಳತೆಯನ್ನು ಸಿಮ್ಯುಲೇಶನ್ನುಗಳ ಪಕ್ಕ ಇಟ್ಟರು; ಬ್ರಹ್ಮಾಂಡಕ್ಕೆ 20 ಕೋಟಿ ವರ್ಷವಾಗಿದ್ದಾಗಿನ ಗೆಲಾಕ್ಸಿಗಳು ರೇಡಿಯೊದಲ್ಲಿ ಎಷ್ಟರಮಟ್ಟಿಗೆ ಬೆಳಗಿರಲಾರವು ಎಂಬ ಮಿತಿ ಸಿಕ್ಕಿತು. ಏನೂ ಕಾಣದೆ ಇದ್ದ ಅಳತೆಯೊಂದು ಇಷ್ಟು ಹೇಳಿತು.

2022ರ ಜುಲೈಯಿಂದ ಜೇಮ್ಸ್ ವೆಬ್ ದೂರದರ್ಶಕ ಎಲ್ಲರ ಲೆಕ್ಕವನ್ನೂ ಪರೀಕ್ಷೆಗೆ ಹಾಕಿದೆ. ಬ್ರಹ್ಮಾಂಡ ಎಳೆಯದಾಗಿದ್ದಾಗಲೇ ಇಷ್ಟು ಬೆಳಗುವ, ಇಷ್ಟು ಬಲಿತ ಗೆಲಾಕ್ಸಿಗಳು ಇರಬಾರದಿತ್ತು. 2023ರಲ್ಲಿ ಚೌಕಟ್ಟೇ ಮುರಿಯಿತು ಎಂಬ ಗದ್ದಲ ಎದ್ದಿತು. ಈಗ ನೋಡಿದರೆ ಒಂದಿಷ್ಟು ಬೆಳಕು ನಕ್ಷತ್ರಗಳದ್ದಲ್ಲ, ಕಪ್ಪುಕುಳಿಗಳದು. ಇನ್ನೊಂದಿಷ್ಟು, ಆಗಿನ ಗೆಲಾಕ್ಸಿಗಳು ಒಮ್ಮೆಲೇ ಭರ್ರನೆ ನಕ್ಷತ್ರ ಹುಟ್ಟಿಸಿ ಸುಮ್ಮನಾಗುತ್ತಿದ್ದುದರ ಫಲ. ಕಪ್ಪುದ್ರವ್ಯದ ಚೌಕಟ್ಟು ನಿಂತಿದೆ. ನಕ್ಷತ್ರ ಹುಟ್ಟಿನ ಸೂತ್ರಗಳು ತತ್ತರಿಸಿವೆ. ಪುಣೆಯ ರಾಶಿ ಜೈನ್ ಮತ್ತು ಯೋಗೇಶ್ ವಾಡದೇಕರ್ 2025ರಲ್ಲಿ ಗುರುತಿಸಿ ‘ಅಲಕನಂದಾ’ ಎಂದು ಕರೆದ ಗೆಲಾಕ್ಸಿ, ಬ್ರಹ್ಮಾಂಡಕ್ಕೆ 150 ಕೋಟಿ ವರ್ಷವಾಗಿದ್ದಾಗಲೇ ಎರಡು ಅಚ್ಚುಕಟ್ಟಾದ ಸುರುಳಿ ತೋಳು ಬಿಚ್ಚಿಕೊಂಡು ಕೂತಿದೆ. ಅಷ್ಟು ಬೇಗ ಅಷ್ಟು ನೇರ್ಪಾದ ತಟ್ಟೆ ಕೂರುವುದು ಹೇಗೆಂದು ಲೆಕ್ಕ ಕಟ್ಟುವವರು ಈಗ ತಲೆ ಕೆರೆದುಕೊಳ್ಳಬೇಕಿದೆ. ಅನಿಲ ಹೆಚ್ಚಿರುವ ತಟ್ಟೆ ಹೇಗೆ ನಡೆದುಕೊಳ್ಳುತ್ತದೆ ಎಂಬ ಜೋಗ್ ಅವರ ನಲವತ್ತು ವರ್ಷ ಹಿಂದಿನ ಪ್ರಶ್ನೆ ಹೀಗೆ ಹೊಸ ಬಟ್ಟೆ ತೊಟ್ಟು ಬಾಗಿಲಲ್ಲಿ ನಿಂತಿದೆ.

ಮುಂದಿನ ದುಡ್ಡು ಎಲ್ಲಿಗೆ ಹೋಗಬೇಕು? ಎಸ್‌ಕೆಎ ರೇಡಿಯೊ ದೂರದರ್ಶಕದಲ್ಲಿ ಪಾಲುದಾರರಾಗಲು ಭಾರತ 1,250 ಕೋಟಿ ರೂಪಾಯಿ ಮಂಜೂರು ಮಾಡಿದೆ. ಯಂತ್ರಗಳೂ ಬರುತ್ತವೆ, ಬರಲಿ. ಆದರೆ ಕೋಡ್ ಬರೆದು ವರ್ಷಾನುಗಟ್ಟಲೆ ಅದನ್ನು ಕಾಪಾಡುವವರಿಗೆ ನಮ್ಮ ಸಂಸ್ಥೆಗಳಲ್ಲಿ ನೆಲೆಯಾದ ಹುದ್ದೆ ಎಂಬುದಿಲ್ಲ. ಯೋಜನೆ ಮುಗಿದೊಡನೆ ಅವರು ವೈಟ್‌ಫೀಲ್ಡಿನ ಕಂಪನಿಗೋ ಹೊರದೇಶಕ್ಕೋ ಹೋಗುತ್ತಾರೆ, ಕೋಡು ಯಾವುದೋ ಫೋಲ್ಡರಿನಲ್ಲಿ ಕೊಳೆಯುತ್ತದೆ. ಗ್ಯಾಜೆಟ್-2 ಬದುಕಿದ್ದು ವೇಗದಿಂದಲ್ಲ, ಯಾರು ಬೇಕಾದರೂ ತೆಗೆದುಕೊಂಡು ಓಡಿಸಬಹುದು ಎಂಬುದರಿಂದ. ಬೆಂಗಳೂರಿನ ಸಿಮ್ಯುಲೇಶನ್ನುಗಳ ದತ್ತಾಂಶ ಹಾಗೆ ಒಂದೆಡೆ ಎಲ್ಲರಿಗೂ ತೆರೆದು ಸಿಗುವಂತಾಗಬೇಕು.

ಅದಾಗುವವರೆಗೆ ಕಾಯಬೇಕಾಗಿಯೂ ಇಲ್ಲ. ಐಸಿಟಿಎಸ್‌ನ ‘ಕಾಪಿ ವಿತ್ ಕ್ಯೂರಿಯಾಸಿಟಿ’ ಉಪನ್ಯಾಸಗಳಿಗೆ ಹೋಗಿ ಬರುವ ನಮ್ಮ ಕಡೆಯ ಕಾಲೇಜು ಮಕ್ಕಳಿಗೆ ಒಂದು ಮಾತು: ಟಿಎನ್‌ಜಿಯ ದತ್ತಾಂಶವೆಲ್ಲ ಬಿಟ್ಟಿ ಸಿಗುತ್ತದೆ, ಹೆಸರು ನೋಂದಾಯಿಸಿದರೆ ಅವರದೇ ಯಂತ್ರದ ಮೇಲೆ ಬ್ರೌಸರಿನಲ್ಲೇ ಪೈಥಾನ್ ಓಡಿಸಬಹುದು. ಅದರಲ್ಲೊಂದಾದ ಟಿಎನ್‌ಜಿ-50ರಿಂದ ಆಕಾಶಗಂಗೆಯಷ್ಟು ತೂಕದ ಗೆಲಾಕ್ಸಿಗಳನ್ನು ಹೆಕ್ಕಿ, ನಡುವಿನ ಉಬ್ಬು ದೊಡ್ಡದಿರುವವು ಒಂದು ಕಡೆ, ಚಿಕ್ಕದಿರುವವು ಒಂದು ಕಡೆ ಇಟ್ಟು, ಪಟ್ಟಿ ಎಷ್ಟರಲ್ಲಿ ಮೂಡಿದೆ ಎಂದು ಎಣಿಸಿ ನೋಡಿ. ಕಟಾರಿಯಾ ಮತ್ತು ದಾಸ್ ಒಂಟಿ ಗೆಲಾಕ್ಸಿಯಲ್ಲಿ ಕಂಡದ್ದು ನೆರೆಹೊರೆಯೆಲ್ಲ ಇರುವ ಬ್ರಹ್ಮಾಂಡದಲ್ಲೂ ನಿಲ್ಲುತ್ತದೆಯೇ? ಒಂದು ಸೆಮಿಸ್ಟರಿನ ಪ್ರಾಜೆಕ್ಟಿಗೆ ಅಷ್ಟು ಸಾಕು.